ಲ್ಯಾಪ್‌ಟಾಪ್ ಮಡಚಿದ ಮೇಲೆ ಎಚ್ಚರವಿರುವವರು ಯಾರು? ಐಆರ್‌ಸಿ ಕ್ಲೈಂಟ್ ಆರಿಸುವವರಿಗೆ

ಐಆರ್‌ಸಿ ಅಂದರೆ ಇಂಟರ್ನೆಟ್ ರಿಲೇ ಚಾಟ್, ಬರೆದು ಮಾತಾಡುವ ಹಳೆಯ ಚಾಟ್ ವ್ಯವಸ್ಥೆ. ರಾತ್ರಿ ಹನ್ನೊಂದರ ಹೊತ್ತಿಗೆ ಅದರ ಒಂದು ಚಾನೆಲ್‌ಗೆ, ಅಂದರೆ ಚಾಟ್ ಕೋಣೆಗೆ, ಹೋಗಿ ಪ್ರಶ್ನೆ ಕೇಳಿದೆ. ಬದಿಯ ಪಟ್ಟಿಯಲ್ಲಿ ನೂರಾರು ಹೆಸರುಗಳಿದ್ದವು, ಒಬ್ಬರೂ ತುಟಿ ಬಿಚ್ಚಲಿಲ್ಲ. ಇಪ್ಪತ್ತು ನಿಮಿಷ ಕಾದು, ಲ್ಯಾಪ್‌ಟಾಪ್ ಮಡಚಿ ಮಲಗಿದೆ. ಆ ಚಾನೆಲ್‌ನ ಮಾತುಕತೆಯನ್ನು ಯಾರೋ ಪುಣ್ಯಾತ್ಮರು ಸಾರ್ವಜನಿಕವಾಗಿ ದಾಖಲಿಸುತ್ತಿದ್ದರು. ಮರುದಿನ ಅದನ್ನು ತೆರೆದು ನೋಡಿದರೆ, ನಾನು ಹೊರಟ ಏಳನೆಯ ನಿಮಿಷಕ್ಕೆ ಒಬ್ಬರು ಮೂರೇ ಸಾಲಿನಲ್ಲಿ ಚೊಕ್ಕ ಉತ್ತರ ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು, 'ಕೇಳಿದವರು ಆಗಲೇ ಹೊರಟುಹೋದರು' ಎಂದಿದ್ದರು.

ಐಆರ್‌ಸಿಯ ಜಾಯಮಾನವೇ ಹೀಗೆ. 1988ರ ಆಗಸ್ಟ್‌ನಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಇದನ್ನು ಬರೆದರು. ಅಂದಿನಿಂದ ಇಂದಿನವರೆಗೂ ಸರ್ವರ್‌ನ ಕೆಲಸ ಬಹುಮಟ್ಟಿಗೆ ಒಂದೇ: ಬಂದ ಮಾತನ್ನು ಆ ಗಳಿಗೆಯಲ್ಲಿ ಚಾನೆಲ್‌ನೊಳಗೆ ಇರುವವರಿಗೆಲ್ಲ ತಲುಪಿಸುವುದು, ಆಮೇಲೆ ಮರೆತುಬಿಡುವುದು. ಇದ್ದವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ. ಮೊಬೈಲಿನ ಚಾಟ್ ಆ್ಯಪ್‌ಗಳಿಗೆ ಒಗ್ಗಿಹೋದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಐಆರ್‌ಸಿಗೆ ಹೋಗಲು ನಾವು ಬಳಸುವ ತಂತ್ರಾಂಶವೇ ಕ್ಲೈಂಟ್. ಅದನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಸ್ಕ್ರೀನ್‌ಶಾಟ್‌ಗಳನ್ನು ನೋಡುತ್ತಾರೆ: ಯಾವುದರ ಬಣ್ಣ ಚೆನ್ನ, ಯಾವುದರ ಪಟ್ಟಿ ಎಡಕ್ಕಿದೆ, ಯಾವುದು ಬಲಕ್ಕಿದೆ. ನಾನೂ ಹಾಗೆಯೇ ಆರಿಸಿ, ಮೂರು ಸಲ ಬದಲಾಯಿಸಿದವನು. ಈಗ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆ ಬೇರೆಯೇ: ನಿಮ್ಮ ಕಂಪ್ಯೂಟರ್ ನಿದ್ದೆ ಹೋದಾಗ ನಿಮ್ಮ ಪರವಾಗಿ ಚಾನೆಲ್‌ನಲ್ಲಿ ಕುಳಿತಿರುವವರು ಯಾರು?

ಯಾರೂ ಬೇಡ ಎನ್ನುವ ಉತ್ತರವೂ ಇದೆ

ವಾರಕ್ಕೊಮ್ಮೆ ಯಾವುದೋ ತಂತ್ರಾಂಶದ ಸಭೆಗೆ ಹಾಜರಾಗಿ ಒಂದು ಗಂಟೆ ಮಾತಾಡಿ ಹೊರಡುವವರಿಗೆ ಈ ತಲೆನೋವೇ ಇಲ್ಲ. ಅವರು ಯಾವ ಕ್ಲೈಂಟನ್ನಾದರೂ ಹಾಕಿಕೊಳ್ಳಬಹುದು. ಒಂದೇ ಒಂದು ಪ್ರಶ್ನೆ ಕೇಳಬೇಕಾಗಿದ್ದರೆ ಕ್ಲೈಂಟೇ ಬೇಡ. ಲಿಬೆರಾ ಚಾಟ್‌ನಂಥ ಜಾಲಗಳು (ಒಂದಕ್ಕೊಂದು ಕೊಂಡಿ ಹಾಕಿಕೊಂಡ ಐಆರ್‌ಸಿ ಸರ್ವರ್‌ಗಳ ಗುಂಪುಗಳು) ಬ್ರೌಸರ್‌ನಲ್ಲೇ ತೆರೆಯುವ ಪುಟವನ್ನು ಕೊಡುತ್ತವೆ. ಹೆಸರು ಬರೆದು, ಚಾನೆಲ್ ಹೆಸರು ಬರೆದು ಒಳಗೆ ಹೋದರಾಯಿತು. ಟ್ಯಾಬ್ ಮುಚ್ಚಿದಿರೋ, ಕಥೆ ಮುಗಿಯಿತು.

ದಿನವೂ ಇರುವವರ ಮುಂದೆ ಮೂರು ದಾರಿಗಳಿವೆ. ಹಳೆಯ ದಾರಿಯೆಂದರೆ ಸದಾ ಚಾಲೂ ಇರುವ ಇನ್ನೊಂದು ಯಂತ್ರದಲ್ಲಿ ಟರ್ಮಿನಲ್ ಕ್ಲೈಂಟ್, ಅಂದರೆ ಅಕ್ಷರಗಳಷ್ಟೇ ಕಾಣುವ ಆಜ್ಞಾ ಕಿಟಕಿಯಲ್ಲಿ ನಡೆಯುವ ಕ್ಲೈಂಟ್, ಓಡಿಸುವುದು. ಅದು ಬಾಡಿಗೆ ಸರ್ವರ್ ಆಗಬಹುದು, ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಆಗಬಹುದು, ಅಂಗೈಯಗಲದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆದರೂ ಸಾಕು. ನಾವು ಹೊರಬಂದರೂ ಟರ್ಮಿನಲನ್ನು ಚಾಲೂ ಇಡುವ ಟಿಮಕ್ಸ್ ಅಥವಾ ಸ್ಕ್ರೀನ್ ಎಂಬ ತಂತ್ರಾಂಶದೊಳಗೆ ಅಲ್ಲಿ ಕ್ಲೈಂಟ್ ತೆರೆದಿಟ್ಟು, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಹೋಗಿ ಬರುವುದು. ಹೊರಬರುವಾಗ ಕ್ಲೈಂಟ್ ಮುಚ್ಚುವುದಿಲ್ಲ, ಅದರ ಕಿಟಕಿಯಿಂದ ನಾವು ಕಳಚಿಕೊಳ್ಳುತ್ತೇವೆ, ಅಷ್ಟೇ. ಬೆಳಗ್ಗೆ ಮತ್ತೆ ಸೇರಿಕೊಂಡರೆ ರಾತ್ರಿಯ ಮಾತೆಲ್ಲ ಅಲ್ಲೇ ಇರುತ್ತದೆ.

ಎರಡನೆಯದು ಬೌನ್ಸರ್. ಇದು ನಮಗೂ ಸರ್ವರ್‌ಗೂ ನಡುವೆ ಕೂರುವ ಮಧ್ಯಸ್ಥ. ಸರ್ವರ್‌ನ ಕಣ್ಣಿಗೆ ಅದೇ ನಾವು. ನಮ್ಮ ಕ್ಲೈಂಟಿನ ಕಣ್ಣಿಗೆ ಅದೇ ಸರ್ವರ್. ನಾವಿಲ್ಲದಾಗ ಬಂದ ಮಾತನ್ನು ಹಿಡಿದಿಟ್ಟುಕೊಂಡು, ನಾವು ಬಂದ ಕೂಡಲೇ ಒಪ್ಪಿಸುತ್ತದೆ. ಝಡ್‌ಎನ್‌ಸಿ ಇವುಗಳಲ್ಲಿ ಹಿರಿಯ, ನಂಬಿಕಸ್ಥ. ಆದರೆ ಅದು ಹಿಡಿದಿಡುವುದು ಚಾನೆಲ್ ಒಂದಕ್ಕೆ ಇಂತಿಷ್ಟು ಸಾಲು ಎಂಬ ಲೆಕ್ಕದಲ್ಲಿ. ಗಿಜಿಗುಡುವ ಚಾನೆಲ್ ಆದರೆ ಆ ಮಿತಿಯನ್ನು ಹೆಚ್ಚಿಸಿಕೊಳ್ಳದಿದ್ದರೆ ಬೆಳಗ್ಗೆ ಸಿಗುವುದು ಬಾಲ ಮಾತ್ರ. ಸೋಜು ಎಂಬ ಹೊಸಬನದು ಬೇರೆ ರೀತಿ: ಇತಿಹಾಸವನ್ನೆಲ್ಲ ಸಂಗ್ರಹಿಸಿಟ್ಟುಕೊಂಡು, ಕ್ಲೈಂಟ್ ಕೇಳಿದಷ್ಟನ್ನು ಕೇಳಿದಾಗ ಕೊಡುತ್ತದೆ. ಆದರೆ ಹಾಗೆ ಕೇಳಲು ಕ್ಲೈಂಟಿಗೂ ಬರಬೇಕು. ಐಆರ್‌ಸಿವಿ3 ಎಂಬ ಹೊಸ ಸೇರ್ಪಡೆಗಳ ಗುಚ್ಛದಲ್ಲಿ ಇದೂ ಒಂದು. ಸೆನ್‌ಪಾಯ್, ಹ್ಯಾಲಾಯ್‌ನಂಥ ಹೊಸ ಕ್ಲೈಂಟುಗಳಿಗೆ ಇದು ಬರುತ್ತದೆ, ಹಳೆಯ ಹಲವಕ್ಕೆ ಬರುವುದಿಲ್ಲ.

ಮೂರನೆಯದು ಕ್ಲೈಂಟನ್ನೇ ಎರಡು ತುಂಡು ಮಾಡುವುದು. ಕ್ವಾಸೆಲ್ ಹೀಗೆ. ಅದರ 'ಕೋರ್' ಎಂಬ ಭಾಗ ಸದಾ ಓಡುವ ಯಂತ್ರದಲ್ಲಿ ಕುಳಿತು ಎಲ್ಲವನ್ನೂ ಡೇಟಾಬೇಸ್‌ಗೆ ಬರೆದಿಡುತ್ತದೆ. ನಮ್ಮ ಮೇಜಿನ ಮೇಲಿರುವುದು ಕಿಟಕಿ ಮಾತ್ರ. ಮೇಲಕ್ಕೆ ಸರಿಸುತ್ತ ಹೋದಂತೆ ನಿನ್ನೆಯದು, ಮೊನ್ನೆಯದು, ಹೋದ ತಿಂಗಳದ್ದು ಬರುತ್ತಲೇ ಇರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಓದಿದ್ದು ಮನೆಯ ಕಂಪ್ಯೂಟರಿನಲ್ಲೂ ಓದಿದ್ದಾಗಿಯೇ ಕಾಣುತ್ತದೆ. ಬೌನ್ಸರ್‌ಗಿಂತ ಇದೇ ನನಗೆ ಅಚ್ಚುಕಟ್ಟಾಗಿ ಕಂಡದ್ದು. ಕೊರತೆಯೆಂದರೆ, ಕೋರ್ ಮಾತಾಡುವುದು ತನ್ನದೇ ಭಾಷೆ. ಕ್ವಾಸೆಲ್‌ನ ಕೋರ್ ಇಟ್ಟುಕೊಂಡರೆ ಆ ಭಾಷೆ ಬಲ್ಲ ಕಿಟಕಿಯನ್ನೇ ಬಳಸಬೇಕು. ಬೇರೆ ಕ್ಲೈಂಟಿನ ಮೇಲೆ ಮನಸ್ಸಾದರೆ ಎರಡನ್ನೂ ಕಿತ್ತುಹಾಕಬೇಕು. ದ ಲೌಂಜ್ ಕೂಡ ಇದೇ ಕುಲದ್ದು, ಕಿಟಕಿ ಮಾತ್ರ ಬ್ರೌಸರ್‌ನೊಳಗೆ. ಸ್ವಂತ ಸರ್ವರ್‌ನಲ್ಲಿ ಅದನ್ನು ಅನುಸ್ಥಾಪಿಸಿ, ನಾಲ್ಕು ಜನ ಗೆಳೆಯರಿಗೂ ಖಾತೆ ಮಾಡಿಕೊಡಬಹುದು. ಮೊಬೈಲಿನಲ್ಲೂ ಅದೇ ಪುಟ ತೆರೆಯುತ್ತದೆ. ಟರ್ಮಿನಲ್ ಎಂದರೆ ಹೆದರುವ ಸ್ನೇಹಿತರನ್ನು ಐಆರ್‌ಸಿಗೆ ಕರೆತರಬೇಕಾದಾಗ ನಾನು ತೋರಿಸುವುದು ಇದನ್ನೇ.

ಈ ಪ್ರಶ್ನೆ ಬಗೆಹರಿದರೆ ಅರ್ಧ ಆಯ್ಕೆ ಮುಗಿದಂತೆ. ಎಸ್‌ಎಸ್‌ಎಚ್ ದಾರಿ ಹಿಡಿದವರು ಮೌಸ್‌ನವರ ಭಾಗವನ್ನು ಓದಬೇಕಿಲ್ಲ. ಬೌನ್ಸರ್ ಇಟ್ಟುಕೊಂಡವರು ಯಾವ ಕ್ಲೈಂಟನ್ನಾದರೂ ತರಬಹುದು, ಮನಸ್ಸು ಬದಲಾದರೂ ಇತಿಹಾಸ ಕೈಬಿಡುವುದಿಲ್ಲ.

ಮೌಸ್ ಹಿಡಿಯುವವರಿಗೆ

ವಿಂಡೋಸ್‌ನಲ್ಲಿ ಎಂಐಆರ್‌ಸಿಯ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. 1995ರಲ್ಲಿ ಖಲೀದ್ ಮರ್ದಮ್-ಬೇ ಹೊರತಂದ ಇದು ಇನ್ನೂ ಹೊಸ ಆವೃತ್ತಿಗಳನ್ನು ಕಾಣುತ್ತಿದೆ. ಮೂವತ್ತು ದಿನ ಬಳಸಿ ನೋಡಿ, ಒಪ್ಪಿದರೆ ಹಣ ಕಟ್ಟಬೇಕು. ಇದರ ಹೆಗ್ಗಳಿಕೆ ಒಳಗೇ ಇರುವ ಸ್ಕ್ರಿಪ್ಟ್ ಭಾಷೆ. ಎಷ್ಟೋ ಜನ ಪ್ರೋಗ್ರಾಮಿಂಗ್ ಕಲಿತದ್ದೇ ಇದರಲ್ಲಿ ಬಾಟ್ (ಚಾನೆಲ್‌ನಲ್ಲಿ ತಾನಾಗಿ ಉತ್ತರಿಸುವ ಪ್ರೋಗ್ರಾಂ) ಬರೆಯುತ್ತ. ಅದೇ ಇದರ ಬಲಹೀನತೆಯೂ ಹೌದು. 'ಈ ಸಾಲನ್ನು ಅಂಟಿಸಿ ಎಂಟರ್ ಒತ್ತಿ, ತಮಾಷೆ ನೋಡಿ' ಎಂದು ಅಪರಿಚಿತರು ಹೇಳಿದ ಸಾಲು ಎರಡು ಓರೆಗೆರೆಗಳಿಂದ ಶುರುವಾಗಿದ್ದರೆ, ಅದು ನಿಮ್ಮ ಕ್ಲೈಂಟಿನೊಳಗೆ ಅವರ ಸ್ಕ್ರಿಪ್ಟನ್ನು ಕೂರಿಸುವ ಹುನ್ನಾರ ಆಗಿರಬಹುದು. ಅರ್ಥವಾಗದ ಸಾಲನ್ನು ಅಂಟಿಸಬೇಡಿ.

ಹೆಕ್ಸ್‌ಚಾಟ್ ಬಗ್ಗೆ ಬರೆಯಲು ಸ್ವಲ್ಪ ಸಂಕಟ. ಎಕ್ಸ್‌ಚಾಟ್‌ನಿಂದ ಕವಲೊಡೆದು ಬಂದ ಇದು ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ವರ್ಷಗಟ್ಟಲೆ 'ಯಾವುದು ಹಾಕಿಕೊಳ್ಳಲಿ' ಎಂಬ ಪ್ರಶ್ನೆಗೆ ಸಿದ್ಧ ಉತ್ತರವಾಗಿತ್ತು. ತೆರೆದರೆ ಜಾಲಗಳ ಪಟ್ಟಿ ಮೊದಲೇ ತುಂಬಿಟ್ಟಿರುತ್ತದೆ, ಹೆಸರು ಬರೆದು ಒಂದನ್ನು ಒತ್ತಿದರೆ ಒಳಗೆ. ಆದರೆ 2024ರ ಫೆಬ್ರುವರಿಯಲ್ಲಿ ಬಂದ 2.16.2ನೇ ಆವೃತ್ತಿಯೇ ಕೊನೆಯದು ಎಂದು ಅದನ್ನು ನೋಡಿಕೊಳ್ಳುತ್ತಿದ್ದವರು ಘೋಷಿಸಿದರು. ಅದು ಇಂದು ನಿಂತುಹೋಗುತ್ತದೆ ಎಂದಲ್ಲ. ಆದರೆ ದಿನವಿಡೀ ಅಪರಿಚಿತರ ಅಕ್ಷರಗಳನ್ನು ಓದುತ್ತ ಕೂರುವ ತಂತ್ರಾಂಶದಲ್ಲಿ ನಾಳೆ ಬಿರುಕು ಕಂಡರೆ ಮುಚ್ಚುವವರು ಬೇಕಲ್ಲ? ಈಗಾಗಲೇ ಬಳಸುತ್ತಿರುವವರು ಗಾಬರಿಯಾಗಬೇಕಿಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದನ್ನು ಬಿಟ್ಟಿದ್ದೇನೆ.

ಬದಲಿಗೆ ಹೇಳುವುದು ಲಿನಕ್ಸ್‌ನವರಿಗೆ ಕಾನ್ವರ್ಸೇಶನ್. ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ಬಳಗದ್ದು, ಗುಂಡಿಗಳೆಲ್ಲ ಇರಬೇಕಾದಲ್ಲಿ ಇವೆ. ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನವರ ಪೋಲರಿ ನೋಡಲು ಬಲು ಸರಳ, ಕೆಲವು ದಿನ ಕಳೆದ ಮೇಲೆ ಅತಿ ಸರಳ ಎನ್ನಿಸುತ್ತದೆ. ಮ್ಯಾಕ್‌ನಲ್ಲಿ ಟೆಕ್ಸ್ಚುಯಲ್ ಸೊಗಸಾಗಿದೆ, ಹಣ ಕೊಟ್ಟು ಕೊಳ್ಳಬೇಕು. ಮೂರೂ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಓಡುವುದು ಬೇಕೆಂದರೆ ಹ್ಯಾಲಾಯ್ ನೋಡಿ: ರಸ್ಟ್ ಭಾಷೆಯಲ್ಲಿ ಬರೆದದ್ದು, ಐಆರ್‌ಸಿವಿ3 ಸೇರ್ಪಡೆಗಳನ್ನು ಹುಡುಕಿ ಹುಡುಕಿ ಅಳವಡಿಸಿಕೊಳ್ಳುತ್ತಿರುವ ಎಳೆಯ ಕ್ಲೈಂಟ್. ಒಂದೇ ಕಿಟಕಿಯನ್ನು ಸೀಳಿ ನಾಲ್ಕು ಚಾನೆಲ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಸೆಟ್ಟಿಂಗ್‌ಗಳನ್ನು ಮಾತ್ರ ಮೆನುವಿನಲ್ಲಿ ಹುಡುಕಬೇಡಿ, ಒಂದು ಪಠ್ಯ ಕಡತ ತೆರೆದು ಬರೆಯಬೇಕು.

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ, ಪಿಡ್ಜಿನ್ ಎಂಬ ಚಾಟ್ ತಂತ್ರಾಂಶ ಇವುಗಳೊಳಗೂ ಐಆರ್‌ಸಿ ಇದೆ. ಮೇಲ್ ನೋಡುತ್ತ ಒಂದು ಚಾನೆಲ್‌ನ ಮೇಲೆ ಕಣ್ಣಿಡಲು ಸಾಕು, ಅದಕ್ಕಿಂತ ಹೆಚ್ಚಿಗೆ ಆಗದು. ಇನ್ನೊಂದರ ಬೆನ್ನೇರಿ ಬಂದ ಕ್ಲೈಂಟಿಗೆ ಇನ್ನೊಂದು ಅಪಾಯವೂ ಉಂಟು. ಫೈರ್‌ಫಾಕ್ಸ್‌ನೊಳಗೆ ಓಡುತ್ತಿದ್ದ ಚಾಟ್‌ಜಿಲ್ಲಾವನ್ನು ಮೆಚ್ಚಿಕೊಂಡವರು ಬಹಳ ಮಂದಿ ಇದ್ದರು. 2017ರಲ್ಲಿ ಫೈರ್‌ಫಾಕ್ಸ್ ತನ್ನ 57ನೇ ಆವೃತ್ತಿಯಲ್ಲಿ ಹಳೆಯ ಬಗೆಯ ಆ್ಯಡ್‌ಆನ್‌ಗಳನ್ನು ಕೈಬಿಟ್ಟಾಗ ಅದಕ್ಕೂ ಅಲ್ಲಿ ಜಾಗವಿಲ್ಲದಂತಾಯಿತು.

ಇರ್ಸಿಯೋ ವೀಚಾಟೋ

ಇರ್ಸಿ, ವೀಚಾಟ್ ಎಂಬ ಎರಡು ಟರ್ಮಿನಲ್ ಕ್ಲೈಂಟುಗಳಲ್ಲಿ ಯಾವುದು ಮೇಲು? ಟರ್ಮಿನಲ್‌ನವರ ಜಗಳ ಇದೊಂದೇ. (ಈ ವೀಚಾಟ್ ಚೀನಾದ ಮೊಬೈಲ್ ಆ್ಯಪ್ ಅಲ್ಲ, ಅದಕ್ಕಿಂತ ಹಿರಿಯ.) ಇರ್ಸಿ 1999ರ ಕೂಸು. ಅದನ್ನು ಬರೆದ ಟಿಮೊ ಸಿರೈನೆನ್ ಕೂಡ ಫಿನ್‌ಲೆಂಡಿನವರೇ. ಡವ್‌ಕಾಟ್ ಎಂಬ ಮೇಲ್ ಸರ್ವರ್ ಬರೆದವರೂ ಅವರೇ. ವೀಚಾಟ್ ಅನ್ನು ಸೆಬಾಸ್ಟಿಯನ್ ಎಲ್ಯೂ 2003ರಲ್ಲಿ ಶುರು ಮಾಡಿದರು.

ಇರ್ಸಿ ತೆರೆದಾಗ ಕಾಣುವುದು ಹೆಚ್ಚುಕಡಿಮೆ ಖಾಲಿ ಪರದೆ. ಕೆಳಗೊಂದು ಪಟ್ಟಿ, ಅದರಲ್ಲಿ ಕೆಲವು ಅಂಕಿಗಳು. ಆಲ್ಟ್ ಜೊತೆ 3 ಒತ್ತಿದರೆ ಮೂರನೆಯ ಕಿಟಕಿ, 4 ಒತ್ತಿದರೆ ನಾಲ್ಕನೆಯದು. ಯಾವ ಕಿಟಕಿಯಲ್ಲಿ ಮಾತು ನಡೆದಿದೆಯೋ ಆ ಅಂಕಿ ಕೆಳಗೆ ಮೂಡುತ್ತದೆ, ನಿಮ್ಮ ಹೆಸರನ್ನೇ ಕರೆದಿದ್ದರೆ ಬೇರೆ ಬಣ್ಣದಲ್ಲಿ. ಎರಡು ವಾರದಲ್ಲಿ ಬೆರಳುಗಳಿಗೆ ರೂಢಿಯಾಗುತ್ತದೆ, ಯಾವ ಚಾನೆಲ್ ಎಷ್ಟನೆಯದು ಎಂದು ಯೋಚಿಸುವುದೇ ಇಲ್ಲ. ಚಾನೆಲ್‌ಗಳ ಪಟ್ಟಿ ಬದಿಯಲ್ಲಿ ಬೇಕು, ಹೆಸರುಗಳಿಗೆ ಬಣ್ಣ ಬೇಕು ಎಂದರೆ ಪರ್ಲ್ ಸ್ಕ್ರಿಪ್ಟ್ ಹುಡುಕಿ ಹಾಕಬೇಕು. ಮಾತುಕತೆಯನ್ನು ಕಡತಕ್ಕೆ ಬರೆದಿಡುವ ಕೆಲಸವನ್ನೂ ನೀವು ಹೇಳುವ ತನಕ ಅದು ಮಾಡುವುದಿಲ್ಲ. ಆರು ತಿಂಗಳ ನಂತರ ಹಳೆಯ ಮಾತೊಂದನ್ನು ಹುಡುಕಲು ಹೋಗಿ ಲಾಗ್ ಇಲ್ಲವೇ ಇಲ್ಲ ಎಂದು ಕಂಡುಕೊಂಡವರಲ್ಲಿ ನಾನೊಬ್ಬ.

ವೀಚಾಟ್ ಇದನ್ನೆಲ್ಲ ಹುಟ್ಟುವಾಗಲೇ ಹೊತ್ತು ತಂದಿದೆ. ಎಡಕ್ಕೆ ಚಾನೆಲ್‌ಗಳು, ಬಲಕ್ಕೆ ಹೆಸರುಗಳು, ಹೆಸರಿಗೊಂದು ಬಣ್ಣ, ಲಾಗ್ ತಾನಾಗಿಯೇ. ಸ್ಕ್ರಿಪ್ಟ್‌ಗಳನ್ನು ಪೈಥಾನ್, ಪರ್ಲ್, ರೂಬಿ, ಲುವಾ ಹೀಗೆ ಹಲವು ಭಾಷೆಗಳಲ್ಲಿ ಬರೆಯಬಹುದು, ಕ್ಲೈಂಟಿನೊಳಗಿಂದಲೇ ಹುಡುಕಿ ಹಾಕಿಕೊಳ್ಳಬಹುದು. ಆದರೆ ನನ್ನನ್ನು ಗೆದ್ದದ್ದು ಎರಡು ಸಂಗತಿ. ಮೊದಲನೆಯದು ಅದರ ಜಾಣ ಸೋಸುಬಲೆ. ದೊಡ್ಡ ಚಾನೆಲ್‌ನಲ್ಲಿ ಮಾತಿಗಿಂತ 'ಇಂಥವರು ಬಂದರು, ಇಂಥವರು ಹೋದರು' ಎಂಬ ಸಾಲುಗಳೇ ಹೆಚ್ಚು. ಜಾಲದ ಎರಡು ಸರ್ವರ್‌ಗಳ ನಡುವಿನ ಕೊಂಡಿ ಕಳಚಿದರಂತೂ ನೂರಾರು ಜನ ಒಂದೇ ಉಸಿರಿಗೆ ಹೋಗಿ, ಐದು ನಿಮಿಷದಲ್ಲಿ ನೂರಾರು ಜನ ಮರಳಿ ಬರುತ್ತಾರೆ. ನೀವು ಓದುತ್ತಿದ್ದ ಸಾಲು ಎಲ್ಲೋ ಮೇಲೆ ಹೂತುಹೋಗಿರುತ್ತದೆ. ಇವನ್ನು ಪೂರ್ತಿ ಮುಚ್ಚಿಬಿಡುವ ಸೌಲಭ್ಯ ಎಲ್ಲ ಒಳ್ಳೆಯ ಕ್ಲೈಂಟುಗಳಲ್ಲೂ ಇದೆ. ಆದರೆ ಪೂರ್ತಿ ಮುಚ್ಚಿದರೆ, ನೀವು ಮಾತಾಡಿಸುತ್ತಿರುವ ವ್ಯಕ್ತಿ ಎದ್ದುಹೋದದ್ದೂ ತಿಳಿಯುವುದಿಲ್ಲ. ವೀಚಾಟ್‌ನ ಸೋಸುಬಲೆ, ಇತ್ತೀಚೆಗೆ ಮಾತಾಡಿದವರು ಹೋದರೆ ಮಾತ್ರ ತೋರಿಸುತ್ತದೆ, ತುಟಿ ಬಿಚ್ಚದವರ ಓಡಾಟವನ್ನು ಮರೆಮಾಡುತ್ತದೆ. ಇದನ್ನು ಒಮ್ಮೆ ನೀವೇ ಚಾಲೂ ಮಾಡಿಕೊಳ್ಳಬೇಕು. ಎರಡನೆಯದು ಅದರ ರಿಲೇ: ಸರ್ವರ್‌ನಲ್ಲಿ ಓಡುತ್ತಿರುವ ಅದೇ ವೀಚಾಟ್‌ಗೆ ಮೊಬೈಲ್ ಆ್ಯಪ್‌ನಿಂದಲೋ ಬ್ರೌಸರ್‌ನಿಂದಲೋ ಕೈಚಾಚಬಹುದು. ಬೌನ್ಸರ್ ಬೇರೆ ಬೇಡವಾಗುತ್ತದೆ.

ಹಾಗಿದ್ದೂ ಇರ್ಸಿ ಬಿಡದವರನ್ನು ನಾನು ಮೂರ್ಖರೆನ್ನುವುದಿಲ್ಲ. ವೀಚಾಟ್‌ನ ಆಯ್ಕೆಗಳ ಪಟ್ಟಿ ಸಾವಿರ ಬಾಗಿಲಿನ ಮನೆ. ಒಂದು ಭಾನುವಾರ ಬಣ್ಣ ಸರಿಪಡಿಸಲು ಕುಳಿತವರು ಏಳುವಾಗ ಸಂಜೆಯಾಗಿರುತ್ತದೆ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲೇ ಬದುಕುವವರಿಗೆ ಈ ಜಗಳವೇ ಬೇಡ, ಅದರೊಳಗೆ ಇಆರ್‌ಸಿ ಎಂಬ ಕ್ಲೈಂಟ್ ಮೊದಲಿನಿಂದಲೇ ಇದೆ.

ಕನ್ನಡದಲ್ಲಿ ಬರೆಯುವವರಾದರೆ

ಇಲ್ಲಿ ಟರ್ಮಿನಲ್‌ನವರು ತಲೆ ತಗ್ಗಿಸಬೇಕು. ಟರ್ಮಿನಲ್ ಎಂದರೆ ಚೌಕುಳಿ ಹಾಳೆ, ಅಕ್ಷರಕ್ಕೊಂದು ಮನೆ. ಕನ್ನಡದ ಒತ್ತಕ್ಷರ ಆ ಮನೆಯಲ್ಲಿ ಕೂರುವುದಿಲ್ಲ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ, ಕರ್ಸರ್ ಒಂದು ಕಡೆ ಇದ್ದರೆ ಅಳಿಸುವುದು ಇನ್ನೊಂದು ಕಡೆ. ಎಂಎಲ್‌ಟರ್ಮ್‌ನಂಥ ಕೆಲವು ಟರ್ಮಿನಲ್‌ಗಳು ಭಾರತೀಯ ಲಿಪಿಗಳಿಗೆಂದೇ ಪಾಡು ಪಟ್ಟಿವೆ, ಆದರೂ ನೆಮ್ಮದಿಯ ಓದಿಗೆ ಕ್ವಾಸೆಲ್, ಕಾನ್ವರ್ಸೇಶನ್, ಇಲ್ಲವೇ ಬ್ರೌಸರ್‌ನಲ್ಲಿ ತೆರೆಯುವ ದ ಲೌಂಜ್ ಮೇಲು. ಅವುಗಳಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು ಮಾಡುವುದು ಉಳಿದ ಕಂಪ್ಯೂಟರಿನಲ್ಲಿ ಕನ್ನಡ ತೋರಿಸುವಂಥದ್ದೇ ಯಂತ್ರಾಂಗ.

ಕಾಣುವುದು ಸರಿಯಾದ ಮೇಲೂ ಒಂದು ತೊಡಕಿದೆ. ಐಆರ್‌ಸಿಯಲ್ಲಿ ಒಂದು ಸಂದೇಶಕ್ಕೆ 512 ಬೈಟ್‌ಗಳ ಮಿತಿ, ಕೊನೆಯ ಸಾಲು ಮುರಿಯುವ ಎರಡು ಬೈಟ್‌ಗಳೂ ಅದರಲ್ಲೇ ಸೇರಿ. ನಿಮ್ಮ ಹೆಸರು, ವಿಳಾಸ, ಚಾನೆಲ್‌ನ ಹೆಸರು ಇವೂ ಅದೇ ಚೀಲದಲ್ಲಿ ಹೋಗಬೇಕು. ಉಳಿಯುವುದು ಸುಮಾರು 420 ಎಂದಿಟ್ಟುಕೊಳ್ಳಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು. 'ಸ್ವಾತಂತ್ರ್ಯ' ಎಂಬ ಪದವನ್ನು ಬಿಡಿಸಿ ನೋಡಿ: ಕಣ್ಣಿಗೆ ಮೂರೇ ಅಕ್ಷರ, ಒಳಗೆ ಸ, ಹಲಂತ, ವ, ದೀರ್ಘ, ತ, ಸೊನ್ನೆ, ತ, ಹಲಂತ, ರ, ಹಲಂತ, ಯ ಎಂದು 11 ಸಂಕೇತ, ಅಂದರೆ 33 ಬೈಟ್. ಪದಗಳೆಲ್ಲ ಇಷ್ಟು ಉದ್ದವಿರದಿದ್ದರೂ ಹದಿನೈದು, ಹದಿನೆಂಟು ಪದಕ್ಕೆ ಸಾಲು ತುಂಬಿಹೋಗುತ್ತದೆ. ಒಳ್ಳೆಯ ಕ್ಲೈಂಟ್ ಇದನ್ನು ತಾನೇ ಅಳೆದು, ಉದ್ದದ ಮಾತನ್ನು ಎರಡು ಸಂದೇಶವಾಗಿ ಕಳಿಸುತ್ತದೆ; ಇರ್ಸಿ, ವೀಚಾಟ್ ಎರಡೂ ಹಾಗೆ ಮಾಡುತ್ತವೆ. ಅಳೆಯದ ಕ್ಲೈಂಟಾದರೆ ಸರ್ವರ್ ಕತ್ತರಿ ಹಾಕುತ್ತದೆ. ಅದಕ್ಕೆ ಅಕ್ಷರದ ಗೊಡವೆಯಿಲ್ಲ, ಬೈಟ್ ಎಣಿಸಿ ಕತ್ತರಿಸುತ್ತದೆ. ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯ ಚೌಕ ಉಳಿಯುತ್ತದೆ, ನಿಮ್ಮ ವಾಕ್ಯದ ಕ್ರಿಯಾಪದ ಗಾಳಿಗೆ ಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ, ನೀವು ಒಪ್ಪಿದಿರೋ ಬಿಟ್ಟಿರೋ ಓದುವವರಿಗೆ ತಿಳಿಯುವುದೇ ಇಲ್ಲ.

ರಾಜಿ ಮಾಡಿಕೊಳ್ಳಬಾರದ ವಿಷಯ

ಕ್ಲೈಂಟ್ ಯಾವುದೇ ಇರಲಿ, ಟಿಎಲ್‌ಎಸ್ ಮತ್ತು ಎಸ್‌ಎಎಸ್‌ಎಲ್ ಎರಡೂ ಬರಬೇಕು. ಮೊದಲನೆಯದು ನಿಮಗೂ ಸರ್ವರ್‌ಗೂ ನಡುವಿನ ಮಾತನ್ನು ಗೂಢಲಿಪಿಯಲ್ಲಿಡುತ್ತದೆ, ಎರಡನೆಯದು ಒಳಬರುವಾಗಲೇ ನಿಮ್ಮ ಖಾತೆಯ ಗುರುತು ಹೇಳುತ್ತದೆ. ಸಂಪರ್ಕದ ಪೋರ್ಟ್ 6667 ಎಂದಿದ್ದರೆ ಅದು ಬಯಲು, 6697 ಇರಬೇಕು. ಹಳೆಯ ಮಾರ್ಗದರ್ಶಿಗಳಲ್ಲಿ ಇನ್ನೂ ಮೊದಲಿನ ಸಂಖ್ಯೆಯೇ ಕಾಣುತ್ತದೆ.

ಎಸ್‌ಎಎಸ್‌ಎಲ್ ಏಕೆ ಬೇಕೆಂದು ನಾನು ನಾಚಿಕೆಪಟ್ಟು ಕಲಿತೆ. ಹಳೆಯ ಪದ್ಧತಿಯಲ್ಲಿ ಒಳಬಂದ ಮೇಲೆ ನಿಕ್‌ಸರ್ವ್ ಎಂಬ ಸೇವೆಗೆ ಖಾಸಗಿ ಸಂದೇಶದಲ್ಲಿ ಪಾಸ್‌ವರ್ಡ್ ಕಳಿಸಬೇಕು. ಆಜ್ಞೆ ಓರೆಗೆರೆಯಿಂದ ಶುರುವಾಗಬೇಕು. ಅವಸರದಲ್ಲಿ ಓರೆಗೆರೆಯ ಹಿಂದೆ ಒಂದು ಖಾಲಿ ಜಾಗ ಬಿಟ್ಟೆ. ಕ್ಲೈಂಟ್ ಅದನ್ನು ಆಜ್ಞೆಯೆಂದು ತಿಳಿಯದೆ ಮಾತೆಂದು ತಿಳಿದು, ಪಾಸ್‌ವರ್ಡ್ ಸಮೇತ ಇಡೀ ಚಾನೆಲ್‌ಗೆ ಓದಿ ಹೇಳಿತು. ಅಲ್ಲಿಯವರೆಗೆ ಮೌನವಾಗಿದ್ದವರೆಲ್ಲ ಆಗ ಮಾತಾಡಿದರು. ಎಸ್‌ಎಎಸ್‌ಎಲ್‌ನಲ್ಲಿ ಸಂಪರ್ಕ ಪೂರ್ಣವಾಗುವ ಮೊದಲೇ ಗುರುತು ಪತ್ತೆ ಮುಗಿದಿರುತ್ತದೆ, ಕೈಯಿಂದ ಬರೆಯುವ ಪ್ರಮೇಯವೇ ಇಲ್ಲ. ನಿಮ್ಮ ಐಪಿ ವಿಳಾಸ ಮರೆಮಾಡುವ ಮುಸುಕನ್ನು ಜಾಲದವರು ಕೊಟ್ಟಿದ್ದರೆ, ಅದೂ ನೀವು ಚಾನೆಲ್ ಹೊಕ್ಕುವ ಮೊದಲೇ ಹೊದ್ದುಕೊಂಡಿರುತ್ತದೆ. ಬಾಡಿಗೆ ಸರ್ವರ್‌ಗಳಿಂದ ಬರುವವರಿಗೆ ಕೆಲವು ಜಾಲಗಳು ಇದಿಲ್ಲದೆ ಬಾಗಿಲೇ ತೆರೆಯುವುದಿಲ್ಲ. ಬೌನ್ಸರ್ ಇಡಲು ಹೊರಟವರು ಖಾತೆಯನ್ನು ಮೊದಲು ಮನೆಯ ಸಂಪರ್ಕದಿಂದಲೇ ನೋಂದಾಯಿಸಿಕೊಳ್ಳಿ.

ನೇರ ಕಡತ ವರ್ಗಾವಣೆಯನ್ನು ತಾನಾಗಿ ಒಪ್ಪಿಕೊಳ್ಳುವ ಆಯ್ಕೆ ಇದ್ದರೆ ಅದನ್ನು ನಿಲ್ಲಿಸಿಬಿಡಿ. ಅಷ್ಟು ಸಾಕು.

ಆರಿಸಿದ್ದನ್ನು ಒಂದು ಸಂಜೆ ಪರೀಕ್ಷಿಸಿ

ಬೇರೆಯವರ ಚಾನೆಲ್‌ನಲ್ಲಿ ಬೇಡ. ಯಾರೂ ಬಳಸದ ಹೆಸರೊಂದನ್ನು ಕೊಟ್ಟು ಸೇರಿಕೊಂಡರೆ ಅದೇ ಹೊಸ ಚಾನೆಲ್, ನೀವೇ ಅದರ ಯಜಮಾನರು. ಪರಿಚಿತರೊಬ್ಬರನ್ನು ಕರೆಯಿರಿ. ಹತ್ತು ಸಾಲಿನ ಪಠ್ಯವೊಂದನ್ನು ಅಂಟಿಸಿ ನೋಡಿ: ಇರ್ಸಿಯಂಥದ್ದು, ಇಷ್ಟು ಸಾಲು ಕಳಿಸಲೇ ಎಂದು ತಡೆದು ಕೇಳುತ್ತದೆ. ಕೇಳದೆ ಸುರಿಯುವ ಕ್ಲೈಂಟ್ ದೊಡ್ಡ ಚಾನೆಲ್‌ನಲ್ಲಿ ನಿಮ್ಮನ್ನು ಹೊರದಬ್ಬಿಸುತ್ತದೆ. ಉದ್ದನೆಯ ಕನ್ನಡ ವಾಕ್ಯವೊಂದನ್ನು ಬರೆದು, ಕೊನೆಯ ಪದ ತಲುಪಿತೇ ಎಂದು ವಿಚಾರಿಸಿ. ವೈಫೈ ಆರಿಸಿ ಮತ್ತೆ ಹಚ್ಚಿ. ಕ್ಲೈಂಟ್ ತಾನೇ ಮರಳಿ ಬಂದು, ಗುರುತು ಹೇಳಿ, ಚಾನೆಲ್ ಸೇರಿತೇ ನೋಡಿ.

ಆಮೇಲೆ ಆ ಪರಿಚಿತರಿಗೆ, ನಡುರಾತ್ರಿಯ ಹೊತ್ತಿಗೆ ನಿಮ್ಮ ಹೆಸರು ಕರೆದು ಏನಾದರೊಂದು ಕೇಳಲು ಹೇಳಿ, ಲ್ಯಾಪ್‌ಟಾಪ್ ಮಡಚಿ ಮಲಗಿ. ಬೆಳಗ್ಗೆ ತೆರೆದಾಗ ಆ ಪ್ರಶ್ನೆ, ಕೇಳಿದ ಸಮಯದೊಂದಿಗೆ, ಬೇರೆ ಬಣ್ಣದಲ್ಲಿ ಕಾದಿದ್ದರೆ ಆ ಕ್ಲೈಂಟ್ ಇಟ್ಟುಕೊಳ್ಳಬಹುದು. ನಾನು ಈಗ ಬಳಸುವುದು ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುವ ವೀಚಾಟ್, ಕನ್ನಡ ಓದಬೇಕಾದಾಗ ಅದರ ರಿಲೇ ಹಿಡಿದು ಬ್ರೌಸರ್. ಪರದೆಯ ಒಂದು ಮೂಲೆ ಒಡೆದಿರುವ ಆ ಲ್ಯಾಪ್‌ಟಾಪನ್ನು ಬೇರೆ ಯಾವ ಕೆಲಸಕ್ಕೂ ಬಳಸುವುದಿಲ್ಲ.